ಅಜ್ಜನ ಕೋವಿಗೆ ಪಾಲಿಶ್ ಬೇಡ: ಹಳೆಯ ಬಂದೂಕು ಉಳಿಸಿಕೊಳ್ಳುವ ಸೂತ್ರಗಳು

ಮುಡುಕುತೊರೆ, ತಲಕಾಡು, ಟಿ. ನರಸೀಪುರ, ಆಚೆ ನಂಜನಗೂಡಿನವರೆಗೆ ಹೊಳೆ ಮತ್ತು ನಾಲೆ ಬದಿಯ ಬತ್ತ, ಕಬ್ಬಿಗೆ ಹಂದಿಗಳ ಕಾಟ ಹೊಸದಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿದ ಕೋವಿ ಈ ಸೀಮೆಯ ಹಳೆಯ ಮನೆಗಳಿಗೆ ಅಪರೂಪವೂ ಅಲ್ಲ. ಒಂಟಿ ನಳಿಗೆಯದು, ಜೋಡಿ ನಳಿಗೆಯದು, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಅವು ಈಗ ಮೊಮ್ಮಕ್ಕಳ ಕೈಗೆ ಬರುತ್ತಿವೆ. ಕೈಗೆ ಬಂದ ಕೂಡಲೇ ಹುಟ್ಟುವ ಆಸೆ ಒಂದೇ: ಪಾಲಿಶ್ ಹೊಡೆಸಿ, ಹೊಸದರಂತೆ ಹೊಳೆಸಬೇಕು. ಆ ಆಸೆಯನ್ನು ಇಲ್ಲೇ ತಡೆಯಬೇಕೆಂದು ಈ ಸೂತ್ರಗಳನ್ನು ಬರೆದಿದ್ದೇನೆ. ಕೋವಿ ಸುರಕ್ಷಿತವಾಗಿರಬೇಕು, ತುಕ್ಕು ನಿಲ್ಲಬೇಕು. ಅದರಾಚೆಗಿನ ಹೊಳಪು ಬಹುಪಾಲು ನಷ್ಟದ ಬಾಬತ್ತು.

1. ಮೊದಲು ಕಾಗದಪತ್ರ ನೋಡಿ

ಲೈಸೆನ್ಸ್ ಯಾರ ಹೆಸರಿನಲ್ಲಿದೆ? ಆ ಹಿರಿಯರು ತೀರಿಕೊಂಡಿದ್ದರೆ ಕೋವಿ ಅಟ್ಟದ ಮೇಲೆ ಉಳಿಯುವಂತಿಲ್ಲ. ಪೊಲೀಸ್ ಠಾಣೆಯಲ್ಲೋ, ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿಯೋ ಜಮಾ ಮಾಡಿ ವಾರಸುದಾರರು ಅರ್ಜಿ ಹಾಕಬೇಕು. ತಾಲ್ಲೂಕಿನವರಿಗೆ ಜಿಲ್ಲಾಧಿಕಾರಿ, ಮೈಸೂರು ನಗರದವರಿಗೆ ಪೊಲೀಸ್ ಕಮಿಷನರ್. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಈ ಎರಡರ ಮಿತಿ ಇದೆ ಎಂಬುದನ್ನು ಮರೆಯಬೇಡಿ.

ಇನ್ನೊಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಊರಿನ ಲೇತ್ ಅಂಗಡಿಯವರು ಎಷ್ಟೇ ಕೈಚಳಕದವರಾಗಿರಲಿ, ಕೋವಿಯನ್ನು ಅವರ ಮುಂದೆ ಇಡಬೇಡಿ. ನಿಮಗೂ ತೊಂದರೆ, ಅವರಿಗೂ ತೊಂದರೆ.

2. ಖಾಲಿ ಇದೆಯೆಂದು ನಂಬಬೇಡಿ

ಕೇಪಿನ ಕೋವಿಯೊಳಗೆ ಹತ್ತಾರು ವರ್ಷದ ಹಿಂದೆ ತುಂಬಿದ ಮದ್ದು, ಚರೆ ಹಾಗೇ ಕೂತಿರಬಹುದು. ಹೊರಗಿನಿಂದ ತಿಳಿಯುವುದಿಲ್ಲ. ಕಾಯಿಸುವುದು, ಬಡಿಯುವುದು, ಕಡ್ಡಿ ಹಾಕಿ ಕೆದಕುವುದು ಯಾವುದೂ ಬೇಡ. ಬಾಯಿ ನಿರ್ಜನವಾದ ಕಡೆಗಿರಲಿ, ತಿಳಿದ ವ್ಯಾಪಾರಿಯೇ ನೋಡಲಿ.

3. ಒರೆಸುವ ಮೊದಲು ಓದಿ

ಮುಡುಕುತೊರೆ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವುದಿಲ್ಲ. ಕೋವಿಯನ್ನೂ ಹಾಗೇ ನೋಡಬೇಕು. ಅದರ ಹಲ್ಲು, ಸುಳಿ ಇರುವುದು ಮುದ್ರೆಗಳಲ್ಲಿ.

ನಳಿಗೆ ಬಿಚ್ಚಿ ತಿರುಗಿಸಿದರೆ ಹಿಂತುದಿಯ ಕೆಳಗೆ, ಕೂಡಿಸಿದಾಗ ಮುಚ್ಚಿಹೋಗುವ ಚಪ್ಪಟೆ ಜಾಗದಲ್ಲಿ, ಸಣ್ಣ ಸಣ್ಣ ಗುರುತುಗಳು ಕಾಣುತ್ತವೆ. ಇಂಗ್ಲೆಂಡಿನಲ್ಲಿ ಮಾಡಿದ ಕೋವಿಯನ್ನು ಮಾರುವ ಮೊದಲು ಹೆಚ್ಚಿನ ಮದ್ದು ಹಾಕಿ ಪರೀಕ್ಷಿಸಿ ಮುದ್ರೆ ಒತ್ತಬೇಕೆಂಬುದು ಅಲ್ಲಿನ ಕಾನೂನು. ಲಂಡನ್ನಿನ ಬಂದೂಕುಗಾರರ ಸಂಘಕ್ಕೆ ರಾಜಸನ್ನದು ಸಿಕ್ಕಿದ್ದು 1637ರಲ್ಲಿ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ ಸ್ಥಾಪನೆಯಾದದ್ದು 1813ರಲ್ಲಿ. ಈ ಮುದ್ರೆಗಳ ಆಕಾರ ಕಾಲಕಾಲಕ್ಕೆ ಬದಲಾಗಿದೆ, ಆದ್ದರಿಂದಲೇ ಅವು ಕೋವಿಯ ವಯಸ್ಸು ಹೇಳುತ್ತವೆ. 'ನಾಟ್ ಫಾರ್ ಬಾಲ್' ಎಂದು ಒತ್ತಿದ್ದರೆ ಅದು 1875ರಿಂದ 1887ರ ನಡುವಿನದು. ಕಿರೀಟದ ಕೆಳಗೆ 'ಬಿಎನ್‌ಪಿ' ಎಂಬ ಮೂರು ಅಕ್ಷರವಿದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ 1954ರ ನಿಯಮದ ನಂತರ ಪರೀಕ್ಷಿಸಿದ್ದು. ಮೊಟ್ಟೆಯಾಕಾರದ ಗೆರೆಯೊಳಗೆ 'ಇಎಲ್‌ಜಿ' ಇದ್ದರೆ ಅದು ಬೆಲ್ಜಿಯಂನ ಲೀಜ್ ನಗರದ್ದು.

ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಹೆಸರು, ವಿಳಾಸ ಇರಬಹುದು. ಮ್ಯಾಂಟನ್, ರೋಡಾ ಮುಂತಾದ ಕಲ್ಕತ್ತಾ ಕಂಪನಿಗಳ ಹೆಸರಿದ್ದರೆ ಕೋವಿ ಯಾವ ದಾರಿಯಲ್ಲಿ ನಿಮ್ಮ ಹಟ್ಟಿಗೆ ಬಂತೆಂಬುದರ ಎಳೆ ಸಿಕ್ಕಿತೆಂದು ತಿಳಿಯಿರಿ. ಎಲ್ಲವನ್ನೂ ಹಗಲು ಬೆಳಕಿನಲ್ಲಿ, ಓರೆಯಾಗಿ ಬೆಳಕು ಬೀಳುವಂತೆ ಹಿಡಿದು ಫೋಟೋ ತೆಗೆಯಿರಿ. ಬಟ್ಟೆಯಿಂದ ಧೂಳು ಒರೆಸುವುದು ಸರಿ, ತಿಕ್ಕುವುದು ತಪ್ಪು.

4. ನಂಬರ್ ಅಳಿಸಿದರೆ ಜೈಲಿನ ಬಾಗಿಲು ತಟ್ಟಿದಂತೆ

ಮೆರುಗಿನ ಚಕ್ರಕ್ಕೆ ಹಿಡಿದ ಲೋಹದಿಂದ ಮೊದಲು ಹೋಗುವುದು ಆಳವಿಲ್ಲದ ಅಕ್ಷರಗಳು. ಕಾಯ್ದೆಯ 8ನೇ ಸೆಕ್ಷನ್ ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ಗುರುತು ಅಳಿದ ಬಂದೂಕು ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದ್ದಾರೆಂದು ಕಾನೂನು ಊಹಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದು. 'ಪಾಲಿಶ್ ಮಾಡುವಾಗ ಹೋಯಿತು ಸ್ವಾಮಿ' ಎಂಬ ವಿವರಣೆ ಎಷ್ಟು ದೂರ ನಡೆಯುತ್ತದೆಂದು ನೀವೇ ಯೋಚಿಸಿ. ಹೊಳಪಿನ ಆಸೆಗೆ ಇದಕ್ಕಿಂತ ದೊಡ್ಡ ದಂಡವಿಲ್ಲ. ನಳಿಗೆಯ ತುದಿ ಸವೆದಿದೆಯೆಂದು ಕತ್ತರಿಸಿ ಗಿಡ್ಡ ಮಾಡುವುದನ್ನೂ 6ನೇ ಸೆಕ್ಷನ್ ತಡೆಯುತ್ತದೆ.

5. ಯಂತ್ರಕ್ಕೆ ಕೈ ಹಾಕಿಸಿ, ಮೈಗೆ ಬೇಡ

ಇದು ಎಲ್ಲಕ್ಕಿಂತ ಮುಖ್ಯವಾದ ಸೂತ್ರ. ಸ್ಪ್ರಿಂಗು ಮುರಿದಿದ್ದರೆ ಹೊಸದು ಹಾಕಿಸಿ. ಫೈರಿಂಗ್ ಪಿನ್ನು ಮೊಂಡಾಗಿದ್ದರೆ ಬದಲಿಸಿ. ಮುಟ್ಟಿದರೆ ಸಿಡಿಯುವಷ್ಟು ಟ್ರಿಗರ್ ಸಡಿಲವಾಗಿದ್ದರೆ ಸರಿಮಾಡಿಸದೆ ಬಳಸಲೇಬೇಡಿ. ನಳಿಗೆ ಮತ್ತು ಹಿಂಭಾಗ ಕೂಡುವಲ್ಲಿ ಅಲುಗಾಡಿದರೆ ಬಿಗಿಗೊಳಿಸಬೇಕು. ನಳಿಗೆಯ ನೆಗ್ಗನ್ನು ಒಳಗಿನಿಂದ ಎತ್ತುವುದು ನುರಿತ ಕೆಲಸಗಾರನಿಗೆ ಸಾಧ್ಯ. ಇವೆಲ್ಲ ಪ್ರಾಣದ ವಿಷಯ. ಇಲ್ಲಿ 'ಹಳೆಯದು ಹಾಗೇ ಇರಲಿ' ಎಂಬ ಮಾತು ಸಲ್ಲದು.

ಮೈಯ ಲೆಕ್ಕ ಬೇರೆ. ನಳಿಗೆಯ ಕಂದು ಬಣ್ಣ, ಹಿಡಿಯಲ್ಲಿ ಅಂಗೈ ಸವೆಸಿದ ನುಣುಪು, ಕೆತ್ತನೆಯ ಅಂಚು ಇವು ಒಮ್ಮೆ ಹೋದರೆ ಯಾವ ಕುಶಲಕರ್ಮಿಯೂ ಮರಳಿ ತರಲಾರ. ಆಕ್ಷನ್ನಿನ, ಅಂದರೆ ನಳಿಗೆಯ ಹಿಂದಿನ ಯಂತ್ರಭಾಗದ, ಪಕ್ಕದಲ್ಲಿ ನೀಲಿ, ಜೇನು, ನೇರಳೆ ಬಣ್ಣಗಳು ಮೋಡದಂತೆ ಹರಡಿರುವುದನ್ನು ಕೆಲವು ಒಳ್ಳೆಯ ಕೋವಿಗಳಲ್ಲಿ ನೋಡಬಹುದು. ಮೂಳೆಯ ಇದ್ದಿಲಿನಲ್ಲಿ ಹುದುಗಿಸಿ, ಕಾಯಿಸಿ, ನೀರಿಗೆ ಬಿಟ್ಟು ಗಟ್ಟಿ ಮಾಡುವಾಗ ಆ ಬಣ್ಣ ಹುಟ್ಟುತ್ತದೆ. ತೀರಾ ತೆಳುವಾದ ಪದರ ಅದು. ಮೆಟಲ್ ಪಾಲಿಶ್ ಹಚ್ಚಿ ತಿಕ್ಕಿದರೆ ಕೆಲವೇ ನಿಮಿಷದಲ್ಲಿ ಮಾಯ. ಮತ್ತೆ ಬರಿಸಲು ಕಾಯಿಸಿದರೆ ಲೋಹ ಸೊಟ್ಟಗಾಗಿ ಜೋಡಣೆಯೇ ಕೆಡಬಹುದು.

ಬದಲಿಸಿದ ಹಳೆಯ ಭಾಗಗಳನ್ನು ಎಸೆಯಬೇಡಿ, ಚೀಟಿ ಬರೆದು ಡಬ್ಬಿಯಲ್ಲಿಡಿ.

6. 'ಡಮಾಸ್ಕಸ್' ನಳಿಗೆಯನ್ನು ಗುರುತಿಸಿ

ಹತ್ತೊಂಬತ್ತನೆಯ ಶತಮಾನದ ಎಷ್ಟೋ ಕೋವಿಗಳ ನಳಿಗೆ ಇಡಿಯ ಉಕ್ಕಿನ ಕೊಳವೆಯಲ್ಲ. ಕಬ್ಬಿಣ ಮತ್ತು ಉಕ್ಕಿನ ಸಲಾಕೆಗಳನ್ನು ಒಟ್ಟಿಗೆ ಬೆಸೆದು, ಹುರಿಮಾಡಿ, ಪಟ್ಟಿಯಾಗಿ ಬಡಿದು, ಕಡ್ಡಿಯೊಂದರ ಸುತ್ತ ಸುತ್ತಿ ಮತ್ತೆ ಬೆಸೆದದ್ದು. ಆಮೇಲೆ ನಿಧಾನವಾಗಿ ತುಕ್ಕು ಬರಿಸಿ, ಉಜ್ಜಿ, ಮತ್ತೆ ಬರಿಸಿ ಕಂದು ಮೈ ಕೊಡುತ್ತಿದ್ದರು. ಎರಡು ಲೋಹ ಎರಡು ಬಗೆಯಲ್ಲಿ ಬಣ್ಣ ಹಿಡಿಯುವುದರಿಂದ ಮೈತುಂಬ ಸುರುಳಿ ಸುರುಳಿಯಾದ ವಿನ್ಯಾಸ ಏಳುತ್ತದೆ. ಈ ಕೆಲಸದಲ್ಲಿ ಲೀಜ್ ಸುತ್ತಲಿನ ಹಳ್ಳಿಗಳ ಕಮ್ಮಾರರು ಹೆಸರಾಗಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಕಸುಬೇ ನಿಂತುಹೋಯಿತು.

ನಮ್ಮ ಮನೆಗಳಲ್ಲಿ ಆಗುವ ಅನಾಹುತ ಏನೆಂದರೆ, ದಶಕಗಳ ಎಣ್ಣೆ ಜಿಡ್ಡು, ಧೂಳಿನ ಕೆಳಗೆ ಆ ವಿನ್ಯಾಸ ಮುಚ್ಚಿರುತ್ತದೆ. ನೋಡಿದವರಿಗೆ ಬರೀ ಮಾಸಿದ ಕಬ್ಬಿಣ. ಎಮರಿ ಕಾಗದ ಹಾಕಿ ಬೆಳ್ಳಗೆ ಮಾಡುತ್ತಾರೆ. ಅಲ್ಲಿಗೆ ಒಬ್ಬ ಕಮ್ಮಾರನ ಇಡೀ ಪಾಂಡಿತ್ಯವನ್ನು ಉಜ್ಜಿ ತೆಗೆದಂತಾಯಿತು. ಅನುಮಾನವಿದ್ದರೆ ಬೆರಳಗಲ ಜಾಗಕ್ಕೆ ತೆಳು ಎಣ್ಣೆ ಹಚ್ಚಿ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ, ಭೂತಗನ್ನಡಿಯಲ್ಲಿ ನೋಡಿ. ಸುರುಳಿ ಕಂಡರೆ ಅಲ್ಲಿಗೇ ನಿಲ್ಲಿಸಿ.

ಹಾಗೆಯೇ, ಇಂಥ ನಳಿಗೆಗೆ ಇಂದಿನ ತೋಟಾ ಹಾಕಿ ಹೊಡೆಯಬೇಡಿ. ಅವುಗಳಲ್ಲಿ ಹೆಚ್ಚಿನವನ್ನು ಕರಿಮದ್ದಿನ ಒತ್ತಡಕ್ಕಷ್ಟೇ ಪರೀಕ್ಷಿಸಿದ್ದು. ಹಳೆಯ 12 ಬೋರ್ ಕೋವಿಗಳ ತೋಟಾ ಕೂರುವ ಮನೆ ಸಾಮಾನ್ಯವಾಗಿ ಎರಡೂವರೆ ಇಂಚು ಉದ್ದ. ಇಂದಿನ ತೋಟಾ ಎರಡೂಮುಕ್ಕಾಲು ಇಂಚಿನದಾಗಿರುತ್ತದೆ. ತೋಟಾ ಒಳಗೆ ಹೋಗಿ ಕೂರುತ್ತದೆ, ಸಿಡಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. 'ಒಳಗೆ ಹೋಯಿತಲ್ಲ, ಸರಿಯಿದೆ' ಎಂಬ ಲೆಕ್ಕಾಚಾರ ಕೈಬೆರಳು ತೆಗೆದೀತು.

7. ಜೋಡಿ ನಳಿಗೆಗೆ 'ಬ್ಲೂಯಿಂಗ್' ತೊಟ್ಟಿ ವಿಷ

ಹೊಸ ಬಂದೂಕುಗಳಿಗೆ ಕಪ್ಪು ಬಣ್ಣ ಬರಿಸಲು ಕುದಿಯುವ ಕಾಸ್ಟಿಕ್ ದ್ರಾವಣದಲ್ಲಿ ಅದ್ದುತ್ತಾರೆ. ಹಳೆಯ ಜೋಡಿ ನಳಿಗೆಗಳು ಹಾಗೂ ನಡುವಿನ ಪಟ್ಟಿ ಸೀಸ, ತವರದ ಮೆದು ಬೆಸುಗೆಯಿಂದ ಕೂಡಿರುತ್ತವೆ. ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ, ಪಟ್ಟಿಯ ಒಳಗೆ ಸಿಕ್ಕಿಕೊಂಡು ಒಳಗಿನಿಂದ ತುಕ್ಕನ್ನೂ ಎಬ್ಬಿಸುತ್ತದೆ. ವ್ಯಾಪಾರಿ 'ಒಂದೇ ದಿನದಲ್ಲಿ ಕಪ್ಪು ಮಾಡಿ ಕೊಡುತ್ತೇನೆ' ಎಂದರೆ ಕೋವಿ ವಾಪಸು ತೆಗೆದುಕೊಂಡು ಬನ್ನಿ. ಹಳೆಯ ಕ್ರಮಕ್ಕೆ ದಿನಗಟ್ಟಲೆ ಹಿಡಿಯುತ್ತದೆ.

8. ಅಡುಗೆಮನೆಯ ಔಷಧ ಬೇಡ

ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ಸರಿ. ಕೋವಿಗೆ ಹುಣಸೆ, ನಿಂಬೆ, ಇಟ್ಟಿಗೆಪುಡಿ, ಬೂದಿ ಯಾವುದೂ ಬೇಡ. ಹುಳಿ ಬಣ್ಣವನ್ನೂ ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಚ್ಚಿದರೆ ಕಾಲಕ್ರಮೇಣ ಅಂಟಾಗಿ ಧೂಳು ಹಿಡಿದು ಯಂತ್ರ ಕಟ್ಟಿಕೊಳ್ಳುತ್ತದೆ. ಹೊಲಿಗೆ ಮೆಷಿನ್ನಿಗೆ ಹಾಕುವ ತೆಳು ಎಣ್ಣೆ ಸಾಕು, ಅದೂ ಬಟ್ಟೆಗೆ ಎರಡು ಹನಿ.

ಕರಿಮದ್ದು ಹೊಡೆದ ಕೋವಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸ ಬಹಳ ಕಡೆ ಇದೆ. ಕರಿಮದ್ದು ಉರಿದ ಮೇಲೆ ಉಳಿಯುವುದು ತೇವ ಹೀರುವ ಲವಣಗಳು. ಅವು ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತವೆ. ಆದ್ದರಿಂದ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಒರೆಸಬೇಕು. ಕೋವಿಗೆ ನೀರು ಸೋಕಿಸುವುದೇ ಎಂದು ಹೆದರುವವರ ನಳಿಗೆಯೇ ಒಳಗಿನಿಂದ ಕಜ್ಜಿ ಹಿಡಿದಿರುತ್ತದೆ.

ಕೆಂಪು ಪುಡಿಯಾಗಿ ಬೆರಳಿಗೆ ಹತ್ತುವ ತುಕ್ಕು ಜೀವಂತವಿದೆ, ಅದನ್ನು ನಿಲ್ಲಿಸಲೇಬೇಕು. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಯಬಿಟ್ಟು, ಕಬ್ಬಿಣಕ್ಕಿಂತ ಮೆದುವಾದ ಹಿತ್ತಾಳೆ ತುಂಡಿನಿಂದ ನಯವಾಗಿ ಎಬ್ಬಿಸಿ. ಕಂದುಗಪ್ಪಾಗಿ ಗಟ್ಟಿಯಾಗಿ ಕೂತ ಬಣ್ಣ ತುಕ್ಕಿನ ಹಳೆಯ ರೂಪವೇ ಆದರೂ ಈಗ ಅದೇ ಕವಚ. ಬಿಟ್ಟುಬಿಡಿ.

9. ಮರದ ಹಿಡಿಗೆ ವಾರ್ನಿಷ್ ಬಳಿಯಬೇಡಿ

ಇಂಗ್ಲಿಷ್ ಕೋವಿಗಳ ಹಿಡಿ ಅಕ್ರೋಟು ಮರದ್ದು. ಅಗಸೆ ಎಣ್ಣೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ, ವಾರಗಟ್ಟಲೆ ಒಣಗಿಸಿ ಬರಿಸಿದ ಮೆರುಗು ಅದು. ನಮ್ಮ ಬಡಗಿ ಉಪ್ಪು ಕಾಗದ ಹಾಕಿ ಒಂದು ಪದರ ಕೆರೆದರೆ ಮರವು ಲೋಹದ ಅಂಚಿಗಿಂತ ತಗ್ಗುತ್ತದೆ, ಹಿಡಿಯ ಮೇಲಿನ ಚೌಕುಳಿ ಕೆತ್ತನೆ ಮೊಂಡಾಗುತ್ತದೆ. ಮೇಲೆ ವಾರ್ನಿಷ್ ಬಿದ್ದರೆ ಗಾಜಿನ ಹೊಳಪು, ಒಳಗೆ ಸತ್ತ ಮರ. ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಜಿಡ್ಡು ತೆಗೆದು, ಒಣಗಿಸಿ, ಬೆರಳ ತುದಿಯಷ್ಟು ಅಗಸೆ ಎಣ್ಣೆ ಹಚ್ಚಿದರೆ ಸಾಕು.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಕೇಡಿದೆ. ಕೋವಿಯನ್ನು ಬಾಯಿ ಮೇಲಾಗಿ ವರ್ಷಗಟ್ಟಲೆ ನಿಲ್ಲಿಸಿದರೆ ಯಂತ್ರದ ಎಣ್ಣೆ ಇಳಿದಿಳಿದು ಹಿಡಿಯ ತಲೆಯ ಮರಕ್ಕೆ ಸೇರಿ ಅದನ್ನು ಮೆತ್ತಗಾಗಿಸುತ್ತದೆ. ಬಾಯಿ ಕೆಳಗಾಗಿ, ಬಟ್ಟೆಯ ಮೆತ್ತೆಯ ಮೇಲೆ ಇಡಿ.

10. ಪೂಜೆ ಮಾಡಿ, ಒದ್ದೆ ಬೊಟ್ಟು ಇಡಬೇಡಿ

ಮೈಸೂರು ಸೀಮೆಯಲ್ಲಿ ಆಯುಧಪೂಜೆ ಬಿಡುವವರು ಯಾರು? ಬಿಡಲೂ ಬಾರದು. ಕೊಡಗಿನವರಿಗೆ ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಇನ್ನೂ ದೊಡ್ಡ ಹಬ್ಬ. ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಕೋವಿಗಳನ್ನು ಸಾಲಾಗಿಟ್ಟು ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕೊಡವರಿಗೂ ಅಲ್ಲಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೋವಿ ಮನೆಯ ಸದಸ್ಯನಂತೆ ಬಾಳಿದ ನಾಡು ಅದು. ಹಳೆಯ ಕೋವಿ ಉಳಿಸುವ ಕೆಲಸದಲ್ಲಿ ಕನ್ನಡ ನಾಡಿಗೆ ಅವರೇ ಮುಂದಾಳುಗಳಾಗಬೇಕೆಂಬುದು ನನ್ನ ಆಸೆ.

ತೊಂದರೆ ಇರುವುದು ಪೂಜೆಯ ಮಾರನೆಯ ದಿನ. ನೀರಿನಲ್ಲಿ ಕಲಸಿದ ವಿಭೂತಿ, ಗಂಧ, ಅರಿಶಿನ, ಕುಂಕುಮ ನಳಿಗೆಯ ಮೇಲೆ ಒಣಗುತ್ತವೆ, ಹಾರದ ತೇವ ಹಾಗೇ ಕೂರುತ್ತದೆ, ಕೊಯ್ದಿಟ್ಟ ನಿಂಬೆಯ ರಸ ಇಳಿಯುತ್ತದೆ. ವಾರ ಬಿಟ್ಟು ಒರೆಸಿದರೆ ಮೂರು ಬೆರಳಿನ ಗುರುತು ಲೋಹದಲ್ಲಿ ಕೆತ್ತಿದಂತೆ ಉಳಿದಿರುತ್ತದೆ. ಪೂಜೆಗೆ ಮುನ್ನ ನಳಿಗೆಗೆ ತೆಳುವಾಗಿ ಮೇಣ ಹಚ್ಚಿ. ಬೊಟ್ಟನ್ನು ಹೆಗಲಪಟ್ಟಿಗೋ ಕೋವಿ ಸುತ್ತಿದ ಬಟ್ಟೆಗೋ ಇಡಿ. ನಿಂಬೆಹಣ್ಣು ಪಕ್ಕದ ತಟ್ಟೆಯಲ್ಲಿರಲಿ. ಅಂದು ಸಂಜೆಯೇ ಹೂ ತೆಗೆದು ಒರೆಸಿಡಿ. ಭಕ್ತಿಗೆ ಇದರಿಂದ ಕುಂದಿಲ್ಲ.

ಮೇಣವೆಂದರೆ ಯಾವುದೋ ಒಂದಲ್ಲ. ವಸ್ತುಸಂಗ್ರಹಾಲಯಗಳು ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣ ಭಾರತದಲ್ಲೂ ಸಿಗುತ್ತದೆ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ಪಾಕ ಅದು. ಮರಕ್ಕೂ ಲೋಹಕ್ಕೂ ಸಲ್ಲುತ್ತದೆ, ಬೇಡವೆಂದಾಗ ತೆಗೆಯಲೂ ಬರುತ್ತದೆ.

11. ಹೊಳೆ ದಂಡೆಯ ತೇವ ಮರೆಯಬೇಡಿ

ಚರ್ಮದ ಚೀಲ ನೋಡಲು ಚೆಂದ, ತೇವ ಹಿಡಿದಿಡುವುದರಲ್ಲಿ ಇನ್ನೂ ಚೆಂದ. ಪ್ಲಾಸ್ಟಿಕ್ ಸುತ್ತಿದರೂ ಅದೇ ಕಥೆ. ಹತ್ತಿಬಟ್ಟೆ ಸುತ್ತಿ, ಗೋಡೆಗೆ ತಾಗದಂತೆ, ಬೀಗ ಹಾಕಿದ ಬೀರುವಿನಲ್ಲಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡಬೇಕಾಗುತ್ತದಲ್ಲ, ಕೊಡುವ ಮೊದಲು ಮೇಣ ಹಚ್ಚಿ, ಎಲ್ಲ ಬದಿಯ ಫೋಟೋ ತೆಗೆದು, ರಸೀದಿಯಲ್ಲಿ ನಂಬರ್ ಸರಿಯಾಗಿದೆಯೇ ನೋಡಿ. ವಾಪಸು ತಂದ ದಿನವೇ ಒರೆಸಿ.

12. ಹೊಸ ಮೈ ಕೊಡುವುದು ಯಾವಾಗ ಸರಿ?

ಯಾವಾಗಲೂ ತಪ್ಪೆಂದು ನಾನು ಹೇಳುವುದಿಲ್ಲ. ಹಿಂದೆ ಯಾರೋ ಎಮರಿ ಹಾಕಿ ಬೆಳ್ಳಗೆ ಮಾಡಿದ ನಳಿಗೆಯಲ್ಲಿ ಉಳಿಸಲು ಮೂಲ ಬಣ್ಣವೇ ಇರುವುದಿಲ್ಲ. ಬರಿಮೈ ಕಬ್ಬಿಣ ಮತ್ತೆ ಮತ್ತೆ ತುಕ್ಕು ಹಿಡಿಯುತ್ತಿದ್ದರೆ ಹಳೆಯ ನಿಧಾನ ಕ್ರಮದಲ್ಲಿ ಕಂದು ಬಣ್ಣ ಬರಿಸುವುದು ಉಪಕಾರವೇ. ಸೀಳಿದ ಹಿಡಿಯನ್ನು ಅಂಟಿಸುವುದೂ ಸರಿ. ಬೆಳೆ ಕಾಯಲು ದಿನವೂ ಬಳಸುವ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ ಕೋವಿಯನ್ನು ಪುರಾತನ ವಸ್ತುವಿನಂತೆ ಮುಟ್ಟದೆ ಇಡಬೇಕಿಲ್ಲ. ಅದು ಗಟ್ಟಿಮುಟ್ಟಾಗಿ ಕೆಲಸ ಮಾಡಲಿ. ಎರಡು ಷರತ್ತು: ಮಾಡುವ ಮೊದಲು ಮತ್ತು ಆಮೇಲೆ ಫೋಟೋ ಇರಬೇಕು, ಏನೇನು ಮಾಡಲಾಯಿತೆಂದು ಬರೆದಿಟ್ಟಿರಬೇಕು.

ನಾಡಕಮ್ಮಾರ ಮಾಡಿದ ಕೇಪಿನ ಕೋವಿಯ ವಿಷಯದಲ್ಲಿ ಮಾತ್ರ ನಾನು ಕಠಿಣ. ಇಂಗ್ಲಿಷ್ ಹೆಸರಿಲ್ಲವೆಂದು ಅದನ್ನೇ ಮೊದಲು ಕೆರೆಯುತ್ತಾರೆ. ಇಂಗ್ಲೆಂಡಿನ ದೊಡ್ಡ ಕಂಪನಿಗಳ ಲೆಕ್ಕದ ಪುಸ್ತಕಗಳು ಉಳಿದಿವೆ, ನಂಬರ್ ಕೊಟ್ಟರೆ ಚರಿತ್ರೆ ಸಿಕ್ಕೀತು. ನಮ್ಮ ಕಮ್ಮಾರನ ಲೆಕ್ಕ ಅವನ ಸುತ್ತಿಗೆಯ ಏಟಿನ ಗುರುತಿನಲ್ಲಿ, ಅರದ ಗೀರಿನಲ್ಲಿ ಮಾತ್ರ ಇದೆ. ಅದನ್ನು ಉಜ್ಜಿದರೆ ಬೇರೆ ಪ್ರತಿಯಿಲ್ಲ.

13. ಗಾಯವೂ ದಾಖಲೆ

ಇದೇ ಕಾವೇರಿಯ ಮೇಲ್ದಂಡೆಯ ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅವನ ಆಯುಧಗಳು ಈಸ್ಟ್ ಇಂಡಿಯಾ ಕಂಪನಿಯವರ ಪಾಲಾದವು. ಹಾಗೆ ಹೋದ 20 ಬೋರಿನ ಚಕಮಕಿ ಕೋವಿಯೊಂದು ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದಿಂದ ಹೊರಬಂದು 2019ರ ಮಾರ್ಚ್‌ನಲ್ಲಿ ಹರಾಜಾಯಿತು. ಬಯೋನೆಟ್ ಸಮೇತ 60,000 ಪೌಂಡ್. ಅದರ ಮರದ ಮೇಲೆ ಏಟಿನ ಗುರುತಿತ್ತು; ಯುದ್ಧಭೂಮಿಯಿಂದಲೇ ಬಂದದ್ದೆನ್ನಲು ಅದನ್ನೇ ಸಾಕ್ಷಿಯಾಗಿ ಹಿಡಿದರು. ಯಾರಾದರೂ ಆ ಗಾಯಕ್ಕೆ ಮರದ ಪುಡಿ ತುಂಬಿ ಪಾಲಿಶ್ ಹೊಡೆದಿದ್ದರೆ ಸಾಕ್ಷಿಯೇ ಅಳಿಯುತ್ತಿತ್ತು. ನಿಮ್ಮ ಕೋವಿಯ ಹಿಡಿಯಲ್ಲಿನ ಸೀಳಿಗೆ ತಾಮ್ರದ ತಂತಿ ಸುತ್ತಿದ್ದರೆ ಬಿಚ್ಚಬೇಡಿ. ಸುತ್ತಿದವರು ಯಾರೆಂದು ಕೇಳಿ.

14. ಮಾರುವ, ಕೊಡುವ ಮುನ್ನ

ಗುಂಡು ಹಾರಿಸಲಾಗದ, ರಿಪೇರಿ ಮಾಡಿದರೂ ಹಾರಿಸಲು ಬಾರದ, ಪುರಾತನ ಮೌಲ್ಯದ ಬಂದೂಕಿಗೆ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಹಾಗಿದೆಯೇ ಇಲ್ಲವೇ ಎಂಬುದನ್ನು ನೀವೇ ತೀರ್ಮಾನಿಸಿಕೊಳ್ಳಬೇಡಿ, ಅಧಿಕಾರಿಗಳಿಂದ ಲಿಖಿತವಾಗಿ ಪಡೆಯಿರಿ. ವಿನಾಯಿತಿ ಸಿಗಲೆಂದು ನಳಿಗೆಗೆ ವೆಲ್ಡಿಂಗ್ ಹೊಡೆಸುವುದು ಕೋವಿಯನ್ನು ಕೊಂದಂತೆ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲಾಗದಿದ್ದರೆ ವಸ್ತುಸಂಗ್ರಹಾಲಯವನ್ನು ಕೇಳಿ ನೋಡಿ. ಠಾಣೆಯ ಮೂಲೆಯಲ್ಲಿ ವಾರಸುದಾರರಿಲ್ಲದೆ ಕೊಳೆಯುವುದಕ್ಕಿಂತ ಅದು ಮೇಲು.

15. ಬಾಯಿಮಾತನ್ನು ಕಾಗದಕ್ಕಿಳಿಸಿ

ಯಾರು ಕೊಂಡರು, ಎಲ್ಲಿಂದ ತಂದರು, ಯಾವ ಗದ್ದೆಯ ಅಟ್ಟಣೆಯಲ್ಲಿ ಕೂತು ಕಾಯುತ್ತಿದ್ದರು, ಯಾವ ವರ್ಷ ಸ್ಪ್ರಿಂಗು ಬದಲಾಯಿತು, ಇವನ್ನೆಲ್ಲ ಬಲ್ಲವರು ಪ್ರತಿ ಮನೆಯಲ್ಲೂ ಒಬ್ಬಿಬ್ಬರು ಉಳಿದಿದ್ದಾರೆ. ಇದೇ ವಾರ ಅವರ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳಿ. ಆ ಹಾಳೆಯ ಒಂದು ಪ್ರತಿ ಲೈಸೆನ್ಸ್ ಪುಸ್ತಕದ ಜೊತೆಗಿರಲಿ. ಕೋವಿಯನ್ನು ಈಗಾಗಲೇ ಪಾಲಿಶ್‌ಗೆ ಕೊಟ್ಟಿದ್ದರೆ ಈಗಲೇ ಫೋನ್ ಮಾಡಿ ಕೆಲಸ ನಿಲ್ಲಿಸಲು ಹೇಳಿ.